ಗುಂಡಿ ಹೊಲಿದ ಹಗ್ಗ

೧೪ ಜನವರಿ

ಪ್ರೀತಿಯ ಅತ್ತಿಗೆಗೆ,

ಫೋನಿನಲ್ಲಿ "ಊಟ ಆಯ್ತಾ, ಸೊಂಟ ಹೇಗಿದೆ" ಎಂದಷ್ಟೇ ಕೇಳಿ ಇಟ್ಟುಬಿಡುತ್ತೀಯ, ಕಡಲಿನ ಸುದ್ದಿ ಒಂದನ್ನೂ ಹೇಳುವುದಿಲ್ಲ, ಹದಿನೈದು ದಿನಕ್ಕೊಂದು ವರದಿ ಬರೆದು ಕಳಿಸು ಎಂದು ಅಪ್ಪಣೆ ಮಾಡಿದಿರಲ್ಲ, ಇಗೊಳ್ಳಿ ವರದಿ. ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವರು ನೀವು. ದಯವಿಟ್ಟು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಬೇಡಿ. ನಾನು ಬಟ್ಟೆ ಹೊಲಿಯುವವಳು, ನನ್ನ ಕೈಗೆ ಪೆನ್ನು ಅಷ್ಟಾಗಿ ಒಗ್ಗುವುದಿಲ್ಲ.

ನೀವು ಆಪರೇಷನ್‌ಗೆಂದು ನಿಮ್ಮ ತಂಗಿಯ ಮನೆಗೆ ಹೋದ ಮೇಲೆ ಮೊದಲ ಸಲ ಭಾನುವಾರ ಕಡಲಿನ ಕಸ ಎತ್ತಲು ನಮ್ಮ ಗುಂಪಿನವರೆಲ್ಲ ಸೇರಿದೆವು. ಹದಿನೇಳು ಜನ. ಈಜು ಮೇಷ್ಟ್ರು ಆರು ಮಂದಿ ಹೊಸಬರನ್ನು ಕಟ್ಟಿಕೊಂಡು ಹವಳದ ದಿಬ್ಬದ ಆಚೆ ಮಗ್ಗುಲಿಗೆ ಹೋಗಿ ಮುಳುಗಿದರು. ಸಿಕ್ಕಿದ್ದು: ಹರಿದ ಬಲೆ ಎರಡು, ಮೂರು ಕಾಲಿನ ಕುರ್ಚಿ, ಎಣಿಸಿ ಬೇಸತ್ತಷ್ಟು ಬಾಟಲಿ, ಒಂದು ಬೂಟು. ಬೂಟು ಈ ಸಲವೂ ಎಡಗಾಲಿನದೇ. ಬಲಗಾಲಿನದನ್ನು ಸಮುದ್ರ ಯಾರಿಗಾಗಿ ಎತ್ತಿಡುತ್ತಿದೆಯೋ ಕಾಣೆ.

ನಗು ತರಿಸಿದ್ದು ಒಂದು ಹಗ್ಗ. ಮೈತುಂಬ ಪಾಚಿ. ಯಾವ ಪುಣ್ಯಾತ್ಮನೋ ಅದರ ಉದ್ದಕ್ಕೂ ಕಲ್ಲಿನ ಚೂರುಗಳನ್ನು ಕಟ್ಟಿದ್ದಾನೆ, ಕೋಟಿಗೆ ಗುಂಡಿ ಹೊಲಿದ ಹಾಗೆ! ಕೆಲಸವಿಲ್ಲದವರು ಭೂಮಿಯ ಮೇಲೆ ಮಾತ್ರ ಇದ್ದಾರೆ ಅಂದುಕೊಂಡಿದ್ದೆ, ನೀರಿನೊಳಗೂ ಇದ್ದಾರೆ. ಈಜು ಮೇಷ್ಟ್ರು ಎರಡೂ ತುದಿ ಕತ್ತರಿಸಿ ತಂದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಿಮ್ಮ ನಿಯಮವನ್ನು ಮಾತ್ರ ಬಿಟ್ಟಿಲ್ಲ. ಎತ್ತಿದ್ದನ್ನೆಲ್ಲ ಬುಟ್ಟಿಗಳಲ್ಲಿ ಹಾಕಿ ಬಂಡೆಗಳ ನಡುವಿನ ಹೊಂಡದಲ್ಲಿ ಮುಳುಗಿಸಿ, ಒಂದು ಉಬ್ಬರ ಬಂದು ಇಳಿಯುವ ತನಕ ಕಾದೆವು. ಒಳಗೆ ಸೇರಿಕೊಂಡ ಮೀನು, ಏಡಿ ತಾವಾಗಿ ಹೊರಟುಹೋಗಲಿ, ಒಂದೇ ಒಂದು ಜೀವ ಉಳಿದಿದ್ದರೂ ಬುಟ್ಟಿ ಎತ್ತಬಾರದು ಎನ್ನುತ್ತೀರಲ್ಲ. ಬಿಸಿಲಲ್ಲಿ ಕಾದು ನಮ್ಮ ಜೀವ ಹೋದರೆ ನಿಮಗೆ ಚಿಂತೆಯಿಲ್ಲ! ಹೊಂಡದ ಉಸ್ತುವಾರಿ ಗಡಿಯಾರ ರಿಪೇರಿಯವರದು. ಅಂಗಡಿಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಒಂದೊಂದು ಬುಟ್ಟಿಯೊಳಗೂ ಇಣುಕುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಅವರ ಬಾಯಿಂದ ಬಂದದ್ದು ಎರಡೇ ಮಾತು, "ಹೂಂ", ಮತ್ತು "ಇನ್ನೂ ಇಲ್ಲ."

ಬಿಸಿಲಿಗೆ ಹೆದರಿ ಹೊಂಡದ ಮೇಲೆ ಒಂದು ನೆರಳುಬಟ್ಟೆ ಹೊಲಿದು ಕಟ್ಟಿದ್ದೇನೆ. ಧೈರ್ಯವಾಗಿ ಆಪರೇಷನ್ ಮಾಡಿಸಿಕೊಳ್ಳಿ.

ನಿಮ್ಮ ನಾದಿನಿ,
ಕತ್ತರಿ

•

೨೩ ಜನವರಿ

ಪ್ರೀತಿಯ ಕತ್ತರಿಗೆ,

ಆಪರೇಷನ್ ಆಯಿತು. ಈಗ ತಂಗಿಯ ಮನೆಯಲ್ಲಿದ್ದೇನೆ. ಮೂರನೇ ಮಹಡಿ, ಕಿಟಕಿಯಿಂದ ಬಸ್ ಡಿಪೋ ಕಾಣಿಸುತ್ತದೆ. ಬಸ್ಸುಗಳು ಹಿಂದೆ ಮುಂದೆ ಮಾಡುವುದನ್ನು ನೋಡುತ್ತಾ ನಾನೂ ವಾಕರ್ ಹಿಡಿದು ಹಿಂದೆ ಮುಂದೆ ಮಾಡುತ್ತಿದ್ದೇನೆ. ಹಾಸಿಗೆಯಿಂದ ಬಾಗಿಲಿಗೆ ಹನ್ನೊಂದು ಹೆಜ್ಜೆ. ಬಾಗಿಲಿನಿಂದ ಹಾಸಿಗೆಗೆ ಅದೇಕೋ ಹದಿನೈದು.

ನಿನ್ನ ವರದಿ ಚೆನ್ನಾಗಿತ್ತು. ತಿದ್ದಲು ಏನೂ ಸಿಗಲಿಲ್ಲ.

ನೀನು ಬರೆದ ಆ ಹಗ್ಗ ಯಾವ ಬಣ್ಣದ್ದು? ದಿಬ್ಬದ ಆಚೆ ಮಗ್ಗುಲು ಎಂದರೆ ಚಪ್ಪಟೆ ಬಂಡೆಯ ಹತ್ತಿರವೇ? ಅದು ಈಗ ಎಲ್ಲಿದೆ? ಸುಮ್ಮನೆ ಕೇಳಿದೆ. ಮಲಗಿದ್ದಲ್ಲೇ ಮಲಗಿದ್ದರೆ ಇಂಥವೇ ತಲೆಗೆ ಬರುತ್ತವೆ.

ಅತ್ತಿಗೆ

•

೨ ಫೆಬ್ರವರಿ

ಪ್ರೀತಿಯ ಅತ್ತಿಗೆಗೆ,

ನೀವು ಹನ್ನೊಂದು ಹೆಜ್ಜೆ ನಡೆದಿರೆಂದು ಓದಿ ಕಣ್ಣಲ್ಲಿ ನೀರು ಬಂತು. ಅಂಗಡಿಗೆ ಬಂದಿದ್ದ ನರ್ಸಮ್ಮನಿಗೂ ಓದಿ ಹೇಳಿದೆ.

ಹಗ್ಗದ ಬಣ್ಣ ನೀಲಿ. ಹೌದು, ಚಪ್ಪಟೆ ಬಂಡೆಯ ಪಕ್ಕದಲ್ಲೇ ಇತ್ತಂತೆ. ಮಾರನೆಯ ದಿನದ ಕಸದ ಲಾರಿಯಲ್ಲಿ ಹೋಯಿತು. ಅಷ್ಟೊಂದು ಸಾಮಾನಿನಲ್ಲಿ ನಿಮಗೆ ಆ ಹಗ್ಗವೇ ಯಾಕೆ ಬೇಕಾಯಿತು? ಬೂಟಿನ ಬಗ್ಗೆ ಕೇಳಿದ್ದರೆ ಒಪ್ಪುತ್ತಿದ್ದೆ.

ಈಗ ಸಂತೋಷದ ಸುದ್ದಿ. ಕಸ ಸಮುದ್ರಕ್ಕೆ ಬಿದ್ದ ಮೇಲೆ ಹೆಕ್ಕುವುದಕ್ಕಿಂತ ಬೀಳದ ಹಾಗೆ ನೋಡಿಕೊಳ್ಳಬೇಕು ಎಂದು ನೀವು ಗಂಟಲು ಹರಿದುಕೊಳ್ಳುತ್ತಿದ್ದಿರಲ್ಲ, ಹಳೆಯ ಟಾರ್ಪಾಲು ಕತ್ತರಿಸಿ ಮೂವತ್ತೆಂಟು ಚೀಲ ಹೊಲಿದೆ. ದೋಣಿಗೊಂದು. ಹರಿದ ಬಲೆ, ಬಾಟಲಿ ಎಲ್ಲ ಅದರಲ್ಲೇ ಹಾಕಿ ದಡಕ್ಕೆ ತರಬೇಕು. ಒಬ್ಬ ದೋಣಿಯವನು ಚೀಲ ತಿರುಗಿಸಿ ತಿರುಗಿಸಿ ನೋಡಿ, "ಅಕ್ಕಾ, ಇಷ್ಟು ಚಂದ ಹೊಲ್ದಿದೀರಿ, ಇದರಲ್ಲಿ ಕಸ ಹಾಕಕ್ಕೆ ಮನಸ್ಸು ಬರಲ್ಲ" ಎಂದು ತನ್ನ ಅಂಗಿ ಪ್ಯಾಂಟು ತುಂಬಿಟ್ಟುಕೊಂಡಿದ್ದಾನೆ. ಉಳಿದವರು ಪರವಾಗಿಲ್ಲ. ಮೊದಲ ವಾರವೇ ಇಪ್ಪತ್ತೆರಡು ಚೀಲ ತುಂಬಿ ಬಂದವು. ಅಣ್ಣ ಇದ್ದಿದ್ದರೆ ಒಂದೊಂದು ಚೀಲವನ್ನೂ ತೂಗಿ ನೋಡುತ್ತಿದ್ದ.

ನಿಮ್ಮ ಕತ್ತರಿ

•

೧೧ ಫೆಬ್ರವರಿ
(ಬರೆದು, ಅಂಚೆಗೆ ಹಾಕದೆ ಪುಸ್ತಕದ ನಡುವೆ ಇಟ್ಟದ್ದು)

ಕತ್ತರಿ,

ಆ ಹಗ್ಗ ನಿನ್ನ ಅಣ್ಣನದು.

ಹೇಗೆ ಹೇಳಲಿ ಎಂದು ಎರಡು ದಿನದಿಂದ ಒದ್ದಾಡುತ್ತಿದ್ದೇನೆ. ಎದೆನೋವು ಬಂದ ಮೇಲೆ ಡಾಕ್ಟರು ನೀರಿಗೆ ಇಳಿಯಕೂಡದು ಎಂದರಲ್ಲ, ನೀನು ಅವರ ಮುಳುಗುವ ಕನ್ನಡಕ ಕಿತ್ತುಕೊಂಡು ಅಂಗಡಿಯ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆಯಲ್ಲ. ನಲವತ್ತು ವರ್ಷ ಹಡಗುಗಳ ತಳ ಉಜ್ಜುತ್ತಾ ನೀರಿನೊಳಗೇ ದುಡಿದ ಮನುಷ್ಯ, ಅದಾದ ಮೇಲೆ ದಿನವಿಡೀ ವರಾಂಡದಲ್ಲಿ ಕೂತು ಗೋಡೆ ನೋಡುತ್ತಿದ್ದರು. ನನ್ನಿಂದ ನೋಡಲಾಗಲಿಲ್ಲ. ನನ್ನ ಕನ್ನಡಕ ಕೊಟ್ಟೆ.

ಬಿರುಗಾಳಿಗೆ ಮುರಿದು ಬಿದ್ದ ಹವಳದ ತುಂಡುಗಳನ್ನು ಹೆಕ್ಕಿ ಹಗ್ಗಕ್ಕೆ ಕಟ್ಟಿ ಬೆಳೆಸಬಹುದು ಎಂದು ನಾನೇ ಓದಿ ಹೇಳಿದ್ದೆ. ಇಪ್ಪತ್ತನಾಲ್ಕು ತುಂಡು. ಎದೆಮಟ್ಟದ ನೀರಿನಲ್ಲಿ ನಿಂತು, ಒಂದೊಂದು ದಿನಕ್ಕೆ ಎರಡೇ ಎರಡು ಕಟ್ಟಿ, ನಗುತ್ತಾ ಬರುತ್ತಿದ್ದರು. "ಕತ್ತರಿಗೆ ಹೇಳ್ಬೇಡ, ನನ್ನನ್ನೇ ಕತ್ತರಿಸಿ ಹಾಕ್ತಾಳೆ" ಎಂದು ಮಾತು ತೆಗೆದುಕೊಂಡರು. ಐದು ತಿಂಗಳಿಗೆ ಹೋಗಿಯೇಬಿಟ್ಟರು. ಕುರ್ಚಿಯಲ್ಲೇ ಹೋದದ್ದು ನಿಜ. ಆದರೆ ನಾನು ನೀರಿಗೆ ಬಿಡದೇ ಇದ್ದಿದ್ದರೆ ಇನ್ನಷ್ಟು ದಿನ ಇರುತ್ತಿದ್ದರೋ ಏನೋ ಎಂಬ ಪ್ರಶ್ನೆ ಒಂದೂವರೆ ವರ್ಷದಿಂದ ನನ್ನ ಜೊತೆಗೇ ಮಲಗಿ ಜೊತೆಗೇ ಏಳುತ್ತದೆ. ಅದಕ್ಕೇ ನಿನಗೆ ಹೇಳಲಿಲ್ಲ. ಸೊಂಟ ಕೈಕೊಡುವ ತನಕ ನಾನೇ ಹೋಗಿ ಪಾಚಿ ಉಜ್ಜಿ ಬರುತ್ತಿದ್ದೆ. ಅಕ್ಟೋಬರಿನಿಂದ ಅದೂ ಆಗಲಿಲ್ಲ.

ತಪ್ಪು ನಿನ್ನದಲ್ಲ. ಹೇಳಿದ್ದರೆ ಹಗ್ಗ ಉಳಿಯುತ್ತಿತ್ತು. ಈಗ ಹೇಳಿದರೆ

•

೧೨ ಫೆಬ್ರವರಿ

ಪ್ರೀತಿಯ ಕತ್ತರಿಗೆ,

ನಡಿಗೆ ಸುಧಾರಿಸುತ್ತಿದೆ. ಚೀಲಗಳ ಸುದ್ದಿ ಕೇಳಿ ಸಂತೋಷವಾಯಿತು. ನಮ್ಮ ಮನೆಯ ಬೀಗದ ಕೈ ನಿನ್ನ ಹತ್ತಿರ ಇದೆಯಲ್ಲ, ಬಿಡುವಾದಾಗ ಮಲಗುವ ಕೋಣೆಯ ಬೀರು ತೆಗೆದು ನನ್ನ ಬೂದು ಬಣ್ಣದ ಸ್ವೆಟರ್ ಕಳಿಸಿಕೊಡು. ನಿನ್ನ ಅಣ್ಣನ ಕೋಟಿನ ಪಕ್ಕದಲ್ಲೇ ನೇತುಹಾಕಿದೆ.

ಅತ್ತಿಗೆ

•

೩ ಮಾರ್ಚ್

ಅತ್ತಿಗೆ,

ಈ ಸೆಕೆಗೆ ಸ್ವೆಟರ್ ಯಾಕಪ್ಪಾ ಎಂದು ಗೊಣಗಿಕೊಂಡೇ ಇವತ್ತು ಬೆಳಿಗ್ಗೆ ನಿಮ್ಮ ಮನೆಗೆ ಹೋದೆ. ಬೀರು ತೆಗೆದೆ. ಸ್ವೆಟರ್ ಎಳೆದಾಗ ಅಣ್ಣನ ಕೋಟು ಕೆಳಗೆ ಬಿತ್ತು.

ಎದೆನೋವು ಬಂದ ಮೇಲೆ ನಾನೇ ಹೊಲಿದುಕೊಟ್ಟ ಕೋಟು ಅದು, ಮಧ್ಯದ ಗುಂಡಿ ಮಾತ್ರ ಅವನೇ ಹೊಲಿದುಕೊಂಡದ್ದು. ಹೊಲಿಗೆ ಕಲಿತ ಹೊಸತರಲ್ಲಿ ನಾನೇ ಅವನಿಗೆ ಹೇಳಿಕೊಟ್ಟಿದ್ದೆ: ನಾಲ್ಕು ಸುತ್ತು, ಆಮೇಲೆ ಗುಂಡಿಯ ಕೆಳಗಿನ ದಾರದ ಕುತ್ತಿಗೆಗೆ ಏಳು ಸುತ್ತು, ಗಂಟು ಒಳಗಿನಿಂದ. ಎಡಗೈಯವನು, ಸುತ್ತೆಲ್ಲ ಉಲ್ಟಾ. "ಸರಿಯಾಗಿ ಸುತ್ತೋ" ಎಂದರೆ "ಬಿಚ್ಚಿಕೊಂಡ್ರೆ ಕೇಳು" ಎನ್ನುತ್ತಿದ್ದ. ಅವನ ಗುಂಡಿ ಯಾವತ್ತೂ ಬಿಚ್ಚಿಕೊಂಡದ್ದಿಲ್ಲ.

ಜೇಬಿನೊಳಗೆ ಕೈ ಹಾಕಿದರೆ ನೀಲಿ ಹಗ್ಗದ ಎಳೆಗಳು. ಜೊತೆಗೆ ಕಿರುಬೆರಳಿನಷ್ಟು ಹವಳದ ಚೂರು.

ಹಾಗೇ ನೆಲದ ಮೇಲೆ ಕೂತುಬಿಟ್ಟೆ. ಆ ದಿನ ಹೊಂಡದ ಹತ್ತಿರ ನಾನು ನೋಡಿದ್ದೆ ಅತ್ತಿಗೆ, ಹಗ್ಗಕ್ಕೆ ಕಟ್ಟಿದ ಚೂರುಗಳ ಕುತ್ತಿಗೆಯ ಸುತ್ತು ಉಲ್ಟಾ ಇದ್ದದ್ದು ಕಣ್ಣಿಗೆ ಬಿದ್ದಿತ್ತು. ನಲವತ್ತು ವರ್ಷದಿಂದ ಸೂಜಿ ಹಿಡಿದವಳು, ಒಡಹುಟ್ಟಿದವನ ಕೈ ಗುರುತಿಸಲಿಲ್ಲ! ಎಲ್ಲರಿಗಿಂತ ಜೋರಾಗಿ ನಕ್ಕವಳೂ ನಾನೇ. ನಗುನಗುತ್ತಾ ಅದನ್ನು ಕಸದ ಲಾರಿಗೆ ಕಳಿಸಿದೆ.

ನಿಮ್ಮ ಮೇಲೂ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ಡಾಕ್ಟರು ಬೇಡವೆಂದ ಮೇಲೂ ಅವನನ್ನು ನೀರಿಗೆ ಬಿಟ್ಟಿರಿ. ಬಿಟ್ಟಮೇಲಾದರೂ ನನಗೆ ಒಂದು ಮಾತು ಹೇಳಲಿಲ್ಲ. "ಯಾವ ಬಣ್ಣದ್ದು, ಸುಮ್ಮನೆ ಕೇಳಿದೆ" ಎಂದು ಬರೆದಿರಲ್ಲ, ಆ ಸಾಲನ್ನು ಹತ್ತು ಸಲ ಓದಿದೆ. ಸುಮ್ಮನೆ ಕೇಳಿದ್ದಂತೆ!

ಇನ್ನು ಬರೆಯಲಾರೆ. ಸ್ವೆಟರ್ ಕಳಿಸುತ್ತಿದ್ದೇನೆ.

ಕತ್ತರಿ

•

೪ ಮಾರ್ಚ್

ಅತ್ತಿಗೆ, ಅತ್ತಿಗೆ, ಅತ್ತಿಗೆ,

ನಿನ್ನೆಯ ಕಾಗದಕ್ಕಿಂತ ಮೊದಲು ಇದು ನಿಮ್ಮ ಕೈಗೆ ಸಿಗಲಿ ಎಂದು ಅಂಚೆ ಕಚೇರಿಯ ಬಾಗಿಲು ತೆಗೆಯುವ ಮುಂಚೆಯೇ ಬಂದು ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ಬರೀ ಅಳು ಬರುತ್ತದೆ, ನೀವು ಏನೋ ಆಯಿತೆಂದು ವಾಕರ್ ಬಿಟ್ಟು ಓಡಿ ಬಿದ್ದೀರಿ.

ಹಗ್ಗ ಇದೆ! ಎಲ್ಲಿಗೂ ಹೋಗಿಲ್ಲ!

ನಿನ್ನೆ ಕಾಗದ ಹಾಕಿದ ಮೇಲೆ ಅಂಗಡಿಗೆ ಹೋಗಲು ಮನಸ್ಸಾಗದೆ ಸೀದಾ ಹೊಂಡದ ಹತ್ತಿರ ಹೋದೆ. ಗಡಿಯಾರದವರು ಒಬ್ಬರೇ, ಪ್ಯಾಂಟು ಮಂಡಿತನಕ ಮಡಚಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೆರಳುಬಟ್ಟೆಯ ಅಡಿ ಕೂತಿದ್ದರು. ಕೈಯಲ್ಲಿ ಗಡಿಯಾರ ಒರೆಸುವ ಸಣ್ಣ ಬ್ರಷ್ಷು. ಮುಂದೆ ನೀರಿನೊಳಗೆ ಒಂದು ಬುಟ್ಟಿ. ಬುಟ್ಟಿಯಲ್ಲಿ ನೀಲಿ ಹಗ್ಗ.

"ಏನ್ರೀ ಇದು, ಲಾರಿಗೆ ಹೋಗಿಲ್ವಾ?" ಎಂದೆ.

"ಇನ್ನೂ ಇಲ್ಲ" ಎಂದರು.

"ಏಳು ವಾರ ಆಯ್ತಲ್ರೀ!"

"ಒಂದು ಏಡಿ ಇದೆ. ಹೋಗ್ತಾ ಇಲ್ಲ. ಒಂದು ಜೀವ ಇದ್ರೂ ಎತ್ತಬಾರ್ದು ಅಂತ ನಿಯಮ."

"ಒಂದು ಮಾತು ಹೇಳಬಾರ್ದಾ?"

"ಯಾರೂ ಕೇಳ್ಲಿಲ್ಲ."

ಅತ್ತಿಗೆ, ಅವರನ್ನು ಅಪ್ಪಿಕೊಂಡುಬಿಟ್ಟೆ. ಪಾಪ, ಗಾಬರಿಯಿಂದ ಭೂತಗನ್ನಡಿ ನೀರಿಗೆ ಬಿತ್ತು. ಆ ಸೋಮವಾರ ಹನ್ನೆರಡು ಬುಟ್ಟಿಯಲ್ಲಿ ಹನ್ನೊಂದು ಮಾತ್ರ ಲಾರಿ ಹತ್ತಿದ್ದವು. ನಾನು ಹೊಲಿಯುವ ಅವಸರದಲ್ಲಿ ಎಣಿಸದೆ ಎಲ್ಲವೂ ಹೋಯಿತು ಎಂದು ಬರೆದಿದ್ದೆ. ಬೇಜವಾಬ್ದಾರಿ ಹೆಂಗಸು ಎಂದು ಬೈಯಿರಿ, ಬೈಸಿಕೊಳ್ಳುತ್ತೇನೆ, ಇವತ್ತು ಏನು ಬೈದರೂ ಕಿವಿಗೆ ಹಿತವೇ.

ಏಡಿಯ ಮನೆ ಕೊಳಕಾಗಬಾರದೆಂದು ಈ ಮಹಾನುಭಾವರು ದಿನಾ ಅಂಗಡಿ ತೆಗೆಯುವ ಮುಂಚೆ ಬಂದು ಕಲ್ಲುಗಳ ಮೇಲಿನ ಪಾಚಿ ಉಜ್ಜುತ್ತಿದ್ದರಂತೆ. ಪಾಚಿ ಹೋದ ಮೇಲೆ ನೋಡಬೇಕು ನೀವು! ಕಲ್ಲಲ್ಲ ಅವು. ಕಂದು ಬಣ್ಣ, ತುದಿಗಳಲ್ಲಿ ಬೆಳ್ಳಗೆ ಹೊಸ ಚಿಗುರು. ಭೂತಗನ್ನಡಿ ಹುಡುಕಿ ತೆಗೆದು ನನಗೂ ತೋರಿಸಿದರು. ಸಣ್ಣ ಸಣ್ಣ ಬಾಯಿಗಳು ತೆರೆದು ಮುಚ್ಚುತ್ತಿದ್ದವು.

ಹೋದ ಜೀವ ಬಂದಂತಾಗಿದೆ. ಬಾಗಿಲು ತೆಗೆದರು, ಕಾಗದ ಕೊಡುತ್ತೇನೆ.

ನಿಮ್ಮ ಕತ್ತರಿ

•

೧೩ ಮಾರ್ಚ್

ನನ್ನ ಮುದ್ದು ಕತ್ತರಿಗೆ,

ನಿನ್ನ ಎರಡೂ ಕಾಗದ ಒಂದೇ ದಿನ ಬಂದವು. ತಂಗಿ ಕೊಡುವಾಗ ಎರಡನೆಯದು ಮೇಲಿತ್ತು. "ಹಗ್ಗ ಇದೆ" ಎಂಬಲ್ಲಿಗೆ ಬಂದಾಗ ಎದ್ದು ನಿಂತೆ. ನಿಂತ ಮೇಲೆ ನೋಡಿದರೆ ವಾಕರ್ ಗೋಡೆಯ ಹತ್ತಿರ ಇದೆ, ನಾನು ಕಿಟಕಿಯ ಹತ್ತಿರ ಇದ್ದೇನೆ. ಡಿಪೋದ ಬಸ್ಸುಗಳೆಲ್ಲ ಕಣ್ಣೀರಿನಲ್ಲಿ ಕಲಸಿಹೋದವು. ಗಟ್ಟಿಯಾಗಿ ಅತ್ತೆ. ಒಂದೂವರೆ ವರ್ಷದಲ್ಲಿ ಹಾಗೆ ಅತ್ತಿರಲಿಲ್ಲ.

ಸಿಟ್ಟಿನ ಕಾಗದವನ್ನೂ ಓದಿದೆ. ಅದರಲ್ಲಿರುವುದೆಲ್ಲ ನಿಜ. ಫೆಬ್ರವರಿಯಲ್ಲಿ ಬರೆದು ಕಳಿಸಲಾರದೆ ಹೋದ ಕಾಗದವೊಂದನ್ನು ಇದರ ಜೊತೆ ಇಟ್ಟಿದ್ದೇನೆ, ಓದಿಕೋ. ಬಾಯಿಬಿಟ್ಟು ಹೇಳುವ ಧೈರ್ಯ ಸಾಲದೆ ನಿನ್ನನ್ನು ಬೀರುವಿನ ಹತ್ತಿರ ಕಳಿಸಿದೆ. ಸ್ವೆಟರ್ ನನಗೆ ಬೇಕಿರಲಿಲ್ಲ.

ಗಡಿಯಾರದವರಿಗೆ ಹೇಳು: ಏಳು ವಾರ ಬುಟ್ಟಿ ಬಿಟ್ಟು ಹೋಗದ್ದು ಹವಳದ ಏಡಿಯೇ ಇರಬೇಕು, ಅದು ಜೀವಂತ ಹವಳದ ಕೊಂಬೆಗಳ ನಡುವೆ ಮಾತ್ರ ಬಾಳುತ್ತದೆ. ಹವಳ ಸತ್ತಿದ್ದರೆ ಅದು ಎಂದೋ ಹೊರಟುಹೋಗಿರುತ್ತಿತ್ತು. ಅದು ಹೋಗಲಿಲ್ಲ ಎಂದರೆ ಬುಟ್ಟಿಯಲ್ಲಿ ಇದ್ದದ್ದು ಒಂದು ಜೀವವಲ್ಲ.

ಹಗ್ಗ ಉಳಿಯಿತು. ನನ್ನ ಪ್ರಶ್ನೆ ಉಳಿದಿದೆ. ನೀರಿಗೆ ಬಿಟ್ಟವಳು ನಾನು. ನೀನು ಕ್ಷಮಿಸಿದರೂ ಸರಿ, ಬಿಟ್ಟರೂ ಸರಿ, ಇನ್ನು ಮುಚ್ಚಿಡುವುದಿಲ್ಲ.

ನಿನ್ನ ಅತ್ತಿಗೆ

•

೨೬ ಮಾರ್ಚ್

ಪ್ರೀತಿಯ ಅತ್ತಿಗೆಗೆ,

ನಿಮ್ಮ ಫೆಬ್ರವರಿಯ ಕಾಗದ ಓದಿ ಮುಗಿಸಿ ಅಂಗಡಿಯ ಬಾಗಿಲು ಎಳೆದುಕೊಂಡು ಒಳಗೇ ಕೂತೆ. ಗುಟ್ಟು ನಿಮ್ಮೊಬ್ಬರದೇ ಅಲ್ಲ. ನನ್ನದೂ ಒಂದಿದೆ.

ಆ ದಿನ ಡಾಕ್ಟರ ಕೋಣೆಯೊಳಗೆ ಅಣ್ಣನ ಜೊತೆ ಹೋದವಳು ನಾನು. ನೀವು ಹೊರಗೆ ಔಷಧಿಗೆ ನಿಂತಿದ್ದಿರಿ. ಡಾಕ್ಟರು ಹೇಳಿದ್ದು ಇಷ್ಟೇ: "ಆಳಕ್ಕೆ ಮುಳುಗೋದು ಬೇಡ. ಎದೆಮಟ್ಟದ ನೀರಲ್ಲಿ ಆರಾಮಾಗಿ ಇರ್ಲಿ, ಒಳ್ಳೇದೇ." ನೀರಿಗೇ ಬೇಡ ಎಂದವಳು ನಾನು. ಅವನು ಎದೆಮಟ್ಟದಲ್ಲಿ ನಿಲ್ಲುವವನಲ್ಲ ಎಂಬ ಹೆದರಿಕೆ ನನಗೆ. ಹೊರಗೆ ಬಂದು ನಿಮ್ಮ ಮುಂದೆ ಡಾಕ್ಟರ ಹೆಸರಿನಲ್ಲಿ ಹೇಳಿಬಿಟ್ಟೆ. ಅವನು ನನ್ನ ಮುಖ ನೋಡಿದ, ಬಾಯಿ ಬಿಡಲಿಲ್ಲ. ಮೊನ್ನೆ ಸಿಟ್ಟಿನಲ್ಲಿ ನಿಮಗೆ ಬರೆದಾಗಲೂ ಅದೇ ಸುಳ್ಳನ್ನು ಬರೆದೆ. ಹೇಳಿ ಹೇಳಿ ನನಗೇ ಅದು ನಿಜವಾಗಿಹೋಗಿತ್ತು.

ಅವನು ಹೋದ ಮೇಲೆ ಆ ಡ್ರಾಯರು ತೆಗೆದಾಗಲೆಲ್ಲ ಕನ್ನಡಕ ಕಾಣಿಸುತ್ತಿತ್ತು. ಕೊನೆಯ ವರ್ಷ ಅವನಿಂದ ಸಮುದ್ರವನ್ನೇ ಕಿತ್ತುಕೊಂಡೆ, ವರಾಂಡದಲ್ಲಿ ಗೋಡೆ ನೋಡುತ್ತಾ ಕೂರುವ ಹಾಗೆ ಮಾಡಿದೆ ಎಂದು ಕೊರಗಿದ್ದು ನನಗೇ ಗೊತ್ತು. ಕಿತ್ತುಕೊಳ್ಳಲು ಆಗಿರಲಿಲ್ಲ. ನೀವು ಅದನ್ನು ಅವನಿಗೆ ವಾಪಸು ಕೊಟ್ಟಿದ್ದಿರಿ. ನಗುತ್ತಾ ಬರುತ್ತಿದ್ದ ಎಂದು ಬರೆದಿದ್ದೀರಲ್ಲ, ಆ ಒಂದು ಸಾಲು ನನಗೆ ಸಾಕು. ನೀವು ಮಾಡಿದ್ದು ಡಾಕ್ಟರು ಹೇಳಿದ್ದನ್ನೇ ಅತ್ತಿಗೆ. ಆ ಪ್ರಶ್ನೆಯನ್ನು ಇನ್ನು ಮನೆಯಿಂದ ಆಚೆ ಹಾಕಿ, ನೆಮ್ಮದಿಯಾಗಿ ಮಲಗಿ.

ಹಗ್ಗ ಭಾನುವಾರ ಚಪ್ಪಟೆ ಬಂಡೆಗೆ ವಾಪಸು ಹೋಯಿತು. ಇಪ್ಪತ್ತನಾಲ್ಕರಲ್ಲಿ ಇಪ್ಪತ್ತೊಂದು ಜೀವಂತ. ಈಜು ಮೇಷ್ಟ್ರು ನಾಚಿಕೆಯಿಂದ ನನ್ನ ಮುಖ ನೋಡದೆ ಅದನ್ನು ಎರಡು ತುದಿಗೂ ಬಿಗಿದು, ಮೇಲೆ ಕೆಂಪು ತೇಲುಬುಂಡೆ ಕಟ್ಟಿ ಬಂದರು, ಇನ್ನು ಯಾರೂ ಕಸವೆಂದು ಎಳೆಯುವಂತಿಲ್ಲ. ಏಡಿಯೂ ಮನೆ ಸಮೇತ ಹೋಯಿತು. ಗಡಿಯಾರದವರು ದಡದಲ್ಲಿ ನಿಂತು, ಯಾರೂ ಕೇಳದಿದ್ದರೂ, ಮೊದಲ ಸಲ ತಾವಾಗಿ ಮೂರು ಪದ ಆಡಿದರು: "ಹುಷಾರಾಗಿ ಹೋಗು ಮಗಾ."

ಎರಡು ತುಂಡು ಹಗ್ಗದಿಂದ ಕಳಚಿದ್ದವು. ಅಣ್ಣನ ಗಂಟು ಬಿಚ್ಚಿಕೊಂಡಿರಲಿಲ್ಲ, ಕತ್ತರಿಸಿ ಎಳೆಯುವಾಗ ದಾರವೇ ಹರಿದದ್ದು. ಹುಟ್ಟಿದಾಗಿನಿಂದ ಮಂಡಿ ನೆನೆಯುವಷ್ಟು ನೀರಿಗೂ ಇಳಿಯದ ನಾನು ಹೊಂಡದಲ್ಲಿ ಸೊಂಟಮಟ್ಟ ಕೂತು ಒಂದನ್ನು ಹೊಲಿದೆ. ನಾಲ್ಕು ಸುತ್ತು, ಕುತ್ತಿಗೆಗೆ ಏಳು, ಎಲ್ಲವೂ ಎಡಗೈಯಲ್ಲಿ, ಉಲ್ಟಾ. ಎಷ್ಟು ಕಷ್ಟ ಗೊತ್ತೇ? ಅವನಿಗೆ ಸುಮ್ಮನೆ ಬೈದೆ.

ಇನ್ನೊಂದು ಹೊಂಡದಲ್ಲೇ ಇದೆ. ಅದನ್ನು ನಾನು ಹೊಲಿಯುವುದಿಲ್ಲ. ಡಾಕ್ಟರು ನಿಮ್ಮನ್ನು ನೀರಿಗೆ ಇಳಿಯಲು ಬಿಡುವ ದಿನ, ಈ ಸಲ ಅವರ ಕೋಣೆಯೊಳಗೆ ನೀವೇ ಹೋಗಿ, ನಿಮ್ಮ ಕಿವಿಯಲ್ಲೇ ಕೇಳಿಸಿಕೊಂಡು ಬನ್ನಿ. ಅಣ್ಣನ ಕನ್ನಡಕವನ್ನು ಡ್ರಾಯರಿನಿಂದ ತೆಗೆದು ತೊಳೆದಿಟ್ಟಿದ್ದೇನೆ. ದಾರವನ್ನೂ ಪೋಣಿಸಿಟ್ಟಿದ್ದೇನೆ.

ನಿಮ್ಮ ದಾರಿ ನೋಡುತ್ತಿರುವ
ಕತ್ತರಿ